ಆ ತುದಿ ಬರುವ ತನಕ

ಮಾರ್ಚ್ ೩, ಸೋಮವಾರ

ಆರಿಸಿಯೇಬಿಟ್ಟರು! ನಮ್ಮ ಲಾಂಡ್ರಿಯ ಇಸ್ತ್ರಿ ಹಾಲಿನಿಂದ ಕಂಪನಿಯ ಜೊತೆಗಿನ ಮಾತುಕತೆ ಸಮಿತಿಗೆ ಯಾರು ಎಂದು ಯೂನಿಯನ್ ಸಭೆಯಲ್ಲಿ ಕೇಳಿದ್ದೇ ತಡ, ಎಲ್ಲರ ಬೆರಳೂ ನನ್ನ ಕಡೆಗೇ ತಿರುಗಿತು. ತಿರುಗದೆ ಇನ್ನೇನು? ಇಡೀ ಲಾಂಡ್ರಿಯಲ್ಲಿ ನನ್ನಷ್ಟು ಬಾಯಿ ಇರುವವರು ಇನ್ಯಾರಿದ್ದಾರೆ? ನನಗೆ ಇಟ್ಟಿರುವ ಹೆಸರೇ ಸೀಟಿ. ಕುಕ್ಕರಿನ ಹಾಗೆ ಗಳಿಗೆಗೊಮ್ಮೆ ಕೂಗುತ್ತೇನಂತೆ. ಕೂಗಿದರೆ ತಾನೇ ಒಳಗೆ ಬೆಂದಿದೆ ಎಂದು ಗೊತ್ತಾಗುವುದು?

ಸಮಿತಿಯ ಮಾತು ಸಮಿತಿಯಲ್ಲೇ ಇರಬೇಕು, ಮನೆಯವರಿಗೂ ಹೇಳಕೂಡದು ಎಂದು ಮೊದಲ ಕಟ್ಟಪ್ಪಣೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎನ್ನುವುದು ಮದುವೆಯಾದ ವಾರಕ್ಕೇ ಇವರಿಗೆ ಗೊತ್ತಾಗಿತ್ತು. ಇವರದು ಸಲೂನು. ದಿನವಿಡೀ ಗಿರಾಕಿಗಳ ಮಾತು ಕೇಳಿ ಕಿವಿ ದಣಿದು ಬಂದಿರುತ್ತಾರೆ. "ನಂಗೇನೂ ಹೇಳ್ಬೇಡ ತಾಯಿ, ಇದ್ರಲ್ಲಿ ಬರ್ಕೋ" ಎಂದು ಯಾರೋ ಕೊಟ್ಟಿದ್ದ ಡೈರಿಯೊಂದನ್ನು ಕೈಗಿಟ್ಟರು. ಸರಿ, ಇನ್ನು ಇದಕ್ಕೇ ಕಿವಿ.

ಈ ತಿಂಗಳ ಕೊನೆಗೆ ಹಳೆಯ ಒಪ್ಪಂದ ಮುಗಿಯುತ್ತದೆ. ಹೊಸದಕ್ಕೆ ನಮ್ಮ ಬೇಡಿಕೆ ಮುಖ್ಯವಾಗಿ ಎರಡು. ಇಸ್ತ್ರಿ ಹಾಲಿಗೆ ಬಿಸಿಗಾಳಿ ಎಳೆಯುವ ದೊಡ್ಡ ಫ್ಯಾನುಗಳು, ಜೊತೆಗೆ ನಡುವೆ ಸ್ವಲ್ಪ ಬಿಡುವು. ಎರಡನೆಯದು, ಒಗೆದ ಬಟ್ಟೆ ಮಡಿಸುವ ಟೇಬಲ್ಲಿನ ಕೆಲಸವನ್ನು ಗುತ್ತಿಗೆಗೆ ಕೊಡಬಾರದು; ಅಲ್ಲಿನ ಹನ್ನೆರಡು ಹೆಂಗಸರೂ ಕಾಯಂ ಆಗಿಯೇ ಉಳಿಯಬೇಕು.

ಸಮಿತಿಯಲ್ಲಿ ನಾಲ್ವರು. ಬಾಯ್ಲರ್ ನಡೆಸುವ ಅಣ್ಣ ಮುಖಂಡರು. ಅವರ ಬಾಯಿಂದ ಒಂದು ಮಾತು ಹೊರಡುವುದರೊಳಗೆ ಬಾಯ್ಲರಿನ ನೀರು ಕಾದು ಹಬೆಯಾಗಿರುತ್ತದೆ. ಆಸ್ಪತ್ರೆ, ಹೋಟೆಲುಗಳಿಂದ ಬಟ್ಟೆ ಗಂಟು ತರುವ ವ್ಯಾನ್ ಡ್ರೈವರ್ ಇನ್ನೊಬ್ಬ. ಎಲ್ಲರಿಗೂ ಅವನು ಭಾವ; ಯಾರ ಅಕ್ಕನನ್ನು ಕಟ್ಟಿಕೊಂಡಿದ್ದಾನೆ ಎಂದು ಯಾರಿಗೂ ಗೊತ್ತಿಲ್ಲ. ಮಡಿಸುವ ಟೇಬಲ್ಲಿನಿಂದ ಅಲ್ಲಿನ ಹಿರಿಯಳು, ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಾರೆ. ನನ್ನ ಪಾಲಿಗೆ ಮೌನಗೌರಿ. ಇಡೀ ಸಭೆಯಲ್ಲಿ ಅವಳಾಡಿದ ಮಾತು ಒಂದೇ, "ಹೂಂ". ಇಂಥವಳನ್ನು ಕರೆದುಕೊಂಡು ಹೋಗಿ ಮ್ಯಾನೇಜರ್ ಎದುರು ಕೂರಿಸಿದರೆ ಏನು ಬಂತು? ಬಿಡು, ಅವಳ ಪಾಲಿನದನ್ನೂ ನಾನೇ ಆಡಿದರಾಯಿತು.

ಮಾರ್ಚ್ ೬, ಗುರುವಾರ

ಬಾಯ್ಲರ್ ಕೋಣೆಯಲ್ಲಿ ಸಮಿತಿ ಸೇರಿತು. ಪೈಪುಗಳ ಪಕ್ಕ ಸೋಪಿನ ಡ್ರಮ್ಮುಗಳನ್ನು ಬೋರಲು ಹಾಕಿಕೊಂಡು ಕೂತೆವು. ಅಣ್ಣ ನಿಯಮ ಹೇಳಿದರು.

"ಒಳಗೆ ಒಂದೇ ಬಾಯಿ. ಅದು ನಂದು. ನೀವು ಮೂವರು ಮುಖ ಹೇಗಿಟ್ಕೋಬೇಕು ಅಂದ್ರೆ, ಈಗ್ತಾನೇ ಇಸ್ತ್ರಿ ರೋಲರ್‌ನಿಂದ ಬಂದ ಶೀಟ್ ಥರ. ಒಂದು ಸುಕ್ಕೂ ಇರಬಾರದು. ಅವರು ನಮ್ಮ ಬಾಯಿ ನೋಡಲ್ಲ, ಮುಖ ನೋಡ್ತಾರೆ."

"ತಡ್ಕೊಳ್ಳೋಕೆ ಆಗ್ದಿದ್ರೆ?" ಎಂದೆ.

"ಪೆನ್ನಿನ ಕ್ಯಾಪ್ ತೆಗೆದು ಮೇಜಿನ ಮೇಲೆ ನೆಟ್ಟಗೆ ನಿಲ್ಸಿ. ನಾನು ನೋಡ್ತೀನಿ. ಹತ್ತು ನಿಮಿಷ ಬಿಡುವು ಕೇಳಿ ಕಾರಿಡಾರಿಗೆ ಹೋಗೋಣ. ಅಲ್ಲಿ ನಾಲ್ಕೂ ಬಾಯಿ ತೆಗೀರಿ, ಕಚ್ಚಾಡಿ, ಜುಟ್ಟು ಹಿಡೀರಿ. ಒಳಗೆ ಬರೋವಾಗ ಮತ್ತೆ ಒಂದೇ."

ಭಾವ ನನ್ನ ಕಡೆ ತಿರುಗಿದ. "ಸೀಟಿ ಅಕ್ಕ, ನಿಮಗೆ ಒಂದು ಪೆನ್ ಸಾಲಲ್ಲ. ಡಬ್ಬಿನೇ ತರಿಸ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಮಾತಾಡಲೆಂದು ಆರಿಸಿದವಳಿಗೆ ಬಾಯಿ ಹೊಲಿದುಕೊಂಡು ಕೂರು ಎನ್ನುತ್ತಾರೆ. ಹಾಗಿದ್ದರೆ ನನ್ನ ಬದಲು ಇಸ್ತ್ರಿ ಪೆಟ್ಟಿಗೆಯನ್ನೇ ಒಯ್ದು ಕೂರಿಸಬಹುದಿತ್ತು. ಮೌನಗೌರಿ ಮಾತ್ರ ನಿಯಮ ಕೇಳಿ ತಲೆಯಾಡಿಸಿದಳು. ಅವಳಿಗೇನು, ಇದು ಹುಟ್ಟಿನಿಂದ ಬಂದ ವಿದ್ಯೆ.

ಮಾರ್ಚ್ ೧೧, ಮಂಗಳವಾರ

ಮೊದಲ ಮಾತುಕತೆ. ಬರೆದಿಡುತ್ತೇನೆ, ಮುಂದೆ ಯಾರಾದರೂ ಕೇಳಿದರೆ ನಾನೇನು ಹೇಳಿದೆ ಎನ್ನುವುದು ಅಕ್ಷರಕ್ಕಕ್ಷರ ಇರಲಿ.

ಮೇಲಿನ ಮಹಡಿಯ ಆಫೀಸು. ಗಾಜಿನ ಮೇಜು, ಪ್ಲಾಸ್ಟಿಕ್ ಹೂವು. ಎಸಿ ಎಷ್ಟು ಜೋರೆಂದರೆ ಭಾವ ಮೊಣಕೈ ಉಜ್ಜಿಕೊಳ್ಳುತ್ತಿದ್ದ. ಆಚೆ ಬದಿಗೆ ಮ್ಯಾನೇಜರ್, ಅವರ ಪಕ್ಕ ಕಂಪನಿಯ ವಕೀಲರು. ಅಣ್ಣ ನಮ್ಮ ಬೇಡಿಕೆಗಳನ್ನು ಒಂದೊಂದಾಗಿ, ಎಂದಿನಂತೆ ಆಮೆ ನಡಿಗೆಯಲ್ಲಿ ಹೇಳಿದರು. ಪ್ರತಿಯೊಂದಕ್ಕೂ ಮ್ಯಾನೇಜರ್ "ಕಷ್ಟ ಇದೆ" ಎಂದರು. ಫ್ಯಾನೂ ಕಷ್ಟ, ಬಿಡುವೂ ಕಷ್ಟ, ಮಡಿಸುವ ಟೇಬಲ್ಲೂ ಕಷ್ಟ. ಕೊನೆಗೆ ನಕ್ಕು, "ಕೆಳಗೆ ಸೆಕೆ ಅಂತೀರಿ, ನಾನು ದಿನಾ ಒಂದು ಸುತ್ತು ಬರ್ತೀನಲ್ಲ, ನನಗೇನೂ ಅನ್ನಿಸ್ಲಿಲ್ಲ" ಎಂದರು.

ಪೆನ್ನು ಎಲ್ಲಿತ್ತೋ, ಕ್ಯಾಪ್ ಎಲ್ಲಿತ್ತೋ. ಎದ್ದು ನಿಂತೇ ಹೇಳಿದೆ.

"ನಿಮ್ಮ ಕೋಣೇಲಿ ಸ್ವೆಟರ್ ಹಾಕ್ಕೋಬೇಕು ಸಾರ್! ಕೆಳಗೆ ಹೋದ ವಾರ ನನ್ನ ಜೋಡಿ ಕೆಲಸದೋಳು ತಲೆ ತಿರುಗಿ ರೋಲರ್ ಪಕ್ಕಾನೇ ಬಿದ್ಲು. ಕೈ ಒಳಗೆ ಹೋಗಿದ್ರೆ? ಬೇರೆದೆಲ್ಲ ಆಮೇಲೆ ನೋಡ್ಕೊಳ್ಳೋಣ, ಮೊದಲು ನಮಗೆ ಫ್ಯಾನ್ ಹಾಕಿ!"

ಮ್ಯಾನೇಜರ್ ಮುಖ ಕೆಂಪಾಯಿತು. ವಕೀಲರು ತಲೆ ತಗ್ಗಿಸಿ ಏನೋ ಬರೆದುಕೊಂಡರು. ಹಾಗೆ ಹೇಳಬೇಕು, ಹೇಳಿದರೆ!

ಆದರೆ ಕಾರಿಡಾರಿಗೆ ಬಂದ ಮೇಲೆ ಒಬ್ಬರಾದರೂ ಭೇಷ್ ಅನ್ನಬೇಡವೇ? ಅಣ್ಣ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಭಾವನ ಹಾಸ್ಯ ಬತ್ತಿಹೋಗಿತ್ತು. ಮೌನಗೌರಿ ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟಳು. ನೀರು ಕೊಟ್ಟಳು, ಮಾತು ಕೊಡಲಿಲ್ಲ. ಹೊಟ್ಟೆಕಿಚ್ಚು ಇರಬೇಕು.

ಮಾರ್ಚ್ ೧೩, ಗುರುವಾರ

ಬೆಳಿಗ್ಗೆ ಗೇಟಿನ ಬಳಿ ನೋಟಿಸ್ ಅಂಟಿಸಿದ್ದರು. ಇಸ್ತ್ರಿ ಹಾಲಿಗೆ ಫ್ಯಾನು, ದಿನಕ್ಕೆ ಎರಡು ಬಿಡುವು, ಎರಡೂ ಕೊಡಲು ಕಂಪನಿ ತಯಾರು. ಮಡಿಸುವ ಕೆಲಸ ಮಾತ್ರ ಮುಂದಿನ ತಿಂಗಳಿಂದ ಗುತ್ತಿಗೆಗೆ. ಅಲ್ಲಿರುವವರಿಗೆ ಲೆಕ್ಕ ಚುಕ್ತಾ ಮಾಡಿ ಬೀಳ್ಕೊಡುಗೆ.

ನಮ್ಮ ಹಾಲಿನವರು ಮೇಲಿನ ಅರ್ಧ ಓದಿ ಕುಣಿದರು. "ಸೀಟಿ ಗೆದ್ಲು! ಒಂದೇ ಕೂಗಿಗೆ ಫ್ಯಾನ್ ಬಂತು!" ಯಾರೋ ನನ್ನನ್ನು ಬಟ್ಟೆ ಟ್ರಾಲಿಯಲ್ಲಿ ಕೂರಿಸಿ ರೋಲರ್ ತನಕ ತಳ್ಳಿಕೊಂಡು ಹೋದರು. ಸುಳ್ಳೇಕೆ, ಖುಷಿಯಾಯಿತು. ಟ್ರಾಲಿ ಮಡಿಸುವ ಟೇಬಲ್ಲನ್ನು ದಾಟುವಾಗ ಅಲ್ಲಿಯ ಹೆಂಗಸರು ಶೀಟು ಮಡಿಸುತ್ತಲೇ ಇದ್ದರು. ಒಬ್ಬಳೂ ತಲೆಯೆತ್ತಿ ನನ್ನನ್ನು ನೋಡಲಿಲ್ಲ.

ಮಧ್ಯಾಹ್ನ ಅಣ್ಣ ಸಿಕ್ಕರು. ಬೈದಿದ್ದರೆ ನಾನೂ ಎರಡು ತಿರುಗಿಸಿ ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲ.

"ಬೇರೆದೆಲ್ಲ ಆಮೇಲೆ ಅಂದ್ಯಲ್ಲಮ್ಮ, ಆ ಬೇರೆದು ಯಾವುದು ಅಂತ ಅವರಿಗೆ ಅವತ್ತೇ ಗೊತ್ತಾಯ್ತು. ನಾವು ಯಾವುದನ್ನ ಮೊದಲು ಕೈಬಿಡ್ತೀವಿ ಅಂತ ಅವರು ಹುಡುಕ್ತಾ ಇದ್ರು. ನೀನು ತೋರಿಸ್ಬಿಟ್ಟೆ."

ನಾನೇನು ಯಾರನ್ನಾದರೂ ಮಾರಿದೆನೇ? ಬಿದ್ದವಳು ನನ್ನ ಜೋಡಿ. ರೋಲರಿಗೆ ನಾನು ಶೀಟು ಕೊಡುತ್ತೇನೆ, ಆಚೆ ಬದಿಯಿಂದ ಅವಳು ಹಿಡಿದು ತೆಗೆಯುತ್ತಾಳೆ. ಸುಡುವ ಶೀಟು ಬಂದು ಬೀಳುವುದು ಅವಳ ಎದೆಯ ಮೇಲೆ. ಮಡಿಸುವವರಾದರೋ ಕಿಟಕಿ ಪಕ್ಕ ತಂಪಾಗಿ ನಿಂತಿರುತ್ತಾರೆ. ಫ್ಯಾನು ಕೇಳಿದ್ದು ತಪ್ಪೇ? ತಪ್ಪಲ್ಲ. ತಪ್ಪೇ ಅಲ್ಲ.

ಮಾರ್ಚ್ ೧೪, ಶುಕ್ರವಾರ

ಊಟ ಸೇರಲಿಲ್ಲ. "ಯಾಕೆ, ಕುಕ್ಕರ್ ಕೂಗ್ತಾನೇ ಇಲ್ಲ?" ಎಂದು ಇವರು ಕೇಳಿದರು. ಅವರ ಮೇಲೇ ಕೂಗಿದೆ.

ಮಾರ್ಚ್ ೧೮, ಮಂಗಳವಾರ

ರೋಲರಿಗೆ ಸುತ್ತಿದ ದಪ್ಪ ಬಟ್ಟೆ ಹರಿಯಿತು. ಹೊಸದು ಬರುವ ತನಕ ನಮ್ಮನ್ನು ಅಲ್ಲಲ್ಲಿಗೆ ಹಂಚಿದರು. ನನ್ನನ್ನು ಎಲ್ಲಿಗೆ ಹಾಕಬೇಕು? ಮಡಿಸುವ ಟೇಬಲ್ಲಿಗೇ. ಅದೂ ಮೌನಗೌರಿಯ ಎದುರು ತುದಿಗೆ.

ದೊಡ್ಡ ಶೀಟನ್ನು ಇಬ್ಬರು ಹಿಡಿಯಬೇಕು. ಮೊದಲು ಜೋರಾಗಿ ಒಂದು ಜಾಡಿಸು, ಅಂಚಿಗೆ ಅಂಚು ಕೂಡಿಸು, ಬಿಗಿಯಾಗಿ ಎಳೆ. ಆಮೇಲೆ ಒಬ್ಬಳು ತನ್ನ ತುದಿ ಹಿಡಿದು ನಿಲ್ಲುತ್ತಾಳೆ, ಇನ್ನೊಬ್ಬಳು ನಡೆದು ಬಂದು ತನ್ನ ತುದಿಯನ್ನು ಅವಳ ಕೈಗೆ ಸೇರಿಸುತ್ತಾಳೆ. ಕೆಲಸ ಅಷ್ಟೇ. ಕಣ್ಣು ಮುಚ್ಚಿಕೊಂಡು ಮಾಡಬಹುದು ಎಂದುಕೊಂಡಿದ್ದೆ. ಮೊದಲ ಶೀಟು ನೆಲಕ್ಕೆ ಬಿತ್ತು. ಎರಡನೆಯದೂ ಬಿತ್ತು. ನೆಲಕ್ಕೆ ಬಿದ್ದದ್ದು ಮತ್ತೆ ಒಗೆಯಲು ಹೋಗಬೇಕು. ಟೇಬಲ್ಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೌನಗೌರಿ ಆಗ ಬಾಯಿ ಬಿಟ್ಟಳು. "ನೀನು ಬೇಗ ಬಿಟ್ಬಿಡ್ತೀಯಮ್ಮ. ನಾನು ಬರ್ತಾ ಇರ್ತೀನಿ, ಅಷ್ಟರಲ್ಲಿ ಕೈ ಬಿಟ್ಟಿರ್ತೀಯ. ನಾನು ಬಂದು ಮುಟ್ಟೋ ತನಕ ಹಿಡ್ಕೊಂಡಿರು. ಬಂದೇ ಬರ್ತೀನಲ್ಲ, ಎಲ್ಲಿ ಹೋಗ್ತೀನಿ?"

ಹತ್ತಾರು ಶೀಟುಗಳಾದ ಮೇಲೆ ಲಯ ಸಿಕ್ಕಿತು. ಸುಮ್ಮನೆ ಇರಲಾಗದೆ ಕೇಳಿಯೇಬಿಟ್ಟೆ. "ನನ್ನ ಮೇಲೆ ಸಿಟ್ಟಿಲ್ವಾ?"

"ಇತ್ತು" ಎಂದಳು. ಶೀಟು ಜಾಡಿಸಿದಳು. "ಎರಡು ದಿನ ಚೆನ್ನಾಗೇ ಇತ್ತು. ಆಮೇಲೆ ಅದನ್ನ ಹೊತ್ಕೊಂಡು ಓಡಾಡೋದೇ ಒಂದು ಕೆಲಸ ಆಯ್ತು, ಇಳಿಸ್ದೆ."

ಊಟದ ಹೊತ್ತಿಗೆ ಕುತ್ತಿಗೆಯ ದಾರದಲ್ಲಿದ್ದ ಒಂದು ಬೀಗದ ಕೈ ತೋರಿಸಿದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿದ್ದಳಂತೆ. ಅಲ್ಲಿ ಅಡುಗೆಮನೆ ಮೂಲೆಯಲ್ಲಿ ಚಾಪೆ. ಎರಡನೇ ಸಲ ಬಡಿಸಿಕೊಂಡರೆ ತಮ್ಮನ ಹೆಂಡತಿ ಪಾತ್ರೆ ಕುಕ್ಕುತ್ತಿದ್ದಳಂತೆ. ಇಲ್ಲಿ ಕೆಲಸ ಸಿಕ್ಕಿದ ವರ್ಷ ಒಂದು ಕೋಣೆ ಬಾಡಿಗೆಗೆ ಹಿಡಿದಳು. "ನನ್ನ ಬಾಗಿಲು. ನಾನೇ ಹಾಕ್ತೀನಿ, ನಾನೇ ತೆಗೀತೀನಿ. ಈ ಕೆಲಸ ಹೋದ್ರೆ ಈ ವಯಸ್ಸಿಗೆ ಇನ್ಯಾರು ಕೊಡ್ತಾರೆ? ಇದನ್ನ ವಾಪಸ್ ಕೊಟ್ಟು ಮತ್ತೆ ಆ ಮೂಲೆಗೇ ಹೋಗ್ಬೇಕು." ಅಷ್ಟು ಹೇಳಿ ಬೀಗದ ಕೈಯನ್ನು ಒಳಕ್ಕೆ ಹಾಕಿಕೊಂಡು ಕೈ ತೊಳೆಯಲು ಹೋದಳು.

ಕಿಟಕಿ ಪಕ್ಕ ತಂಪೇನೂ ಇಲ್ಲ. ಡ್ರೈಯರಿನ ಬಿಸಿ ನೇರ ಬೆನ್ನಿಗೇ ಹೊಡೆಯುತ್ತದೆ. ಇಷ್ಟು ವರ್ಷ ಎದುರಿಗೇ ಇದ್ದೂ ನನಗೆ ಗೊತ್ತಿರಲಿಲ್ಲ. ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು.

ಮಾರ್ಚ್ ೨೦, ಗುರುವಾರ

ಎರಡನೇ ಮಾತುಕತೆ. ಮ್ಯಾನೇಜರ್ ನನ್ನ ಕಡೆಯೇ ನೋಡಿ ನೋಡಿ ಫ್ಯಾನಿನ ಚಿತ್ರವಿರುವ ಹಾಳೆ ಮುಂದೆ ಸರಿಸಿದರು. ಎಷ್ಟು ಬೇಗ ಸಹಿಯೋ ಅಷ್ಟು ಬೇಗ ಫ್ಯಾನು ಎಂದರು. ನನ್ನ ಗಂಟಲಿಗೆ ಬಂದ ಮಾತು ಹಲ್ಲಿನ ತನಕ ಬಂತು. ಪೆನ್ನಿನ ಕ್ಯಾಪ್ ತೆಗೆದು ನೆಟ್ಟಗೆ ನಿಲ್ಲಿಸಿದೆ. ಒಮ್ಮೆ ಬಿತ್ತು, ಮತ್ತೆ ನಿಲ್ಲಿಸಿದೆ. ಅಣ್ಣ ಬಿಡುವು ಕೇಳಿದರು.

ಕಾರಿಡಾರೆಂದರೆ ಮೆಟ್ಟಿಲ ಪಕ್ಕ ಕೊಳೆ ಬಟ್ಟೆಯ ಟ್ರಾಲಿಗಳು ನಿಲ್ಲುವ ಜಾಗ. ಅಲ್ಲಿ ಸರಿಯಾಗಿಯೇ ಕಚ್ಚಾಡಿದೆವು. ಭಾವ ಒಂದು ಸುದ್ದಿ ತಂದಿದ್ದ. ಹೊಸದಾಗಿ ತೆರೆದಿರುವ ದೊಡ್ಡ ಆಸ್ಪತ್ರೆಯೊಂದು ತನ್ನ ಬಟ್ಟೆಯನ್ನೆಲ್ಲ ನಮ್ಮ ಲಾಂಡ್ರಿಗೇ ಕೊಡಲಿದೆಯಂತೆ. ಆದರೆ ಕಾರ್ಮಿಕರ ಜೊತೆ ಒಪ್ಪಂದ ಸಹಿಯಾಗಿರುವುದನ್ನು ಈ ತಿಂಗಳೊಳಗೆ ತೋರಿಸಬೇಕಂತೆ. ಅಲ್ಲಿಯ ಉಗ್ರಾಣದವರೇ ಹೇಳಿದ್ದು.

"ಅಂದ್ರೆ ಸಹಿ ನಮಗಿಂತ ಅವರಿಗೇ ಜಾಸ್ತಿ ಬೇಕು" ಎಂದೆ.

"ಅದಕ್ಕೇ ನಿಮ್ಮ ಮುಂದೆ ಫ್ಯಾನ್ ತಿರುಗಿಸ್ತಾ ಇರೋದು" ಎಂದ ಭಾವ.

ಅಣ್ಣ ಬಹಳ ಹೊತ್ತು ಯೋಚಿಸಿದರು. ಈ ಸಲ ನಾನೂ ಕಾದೆ. "ಹಾಗಾದ್ರೆ ಒಂದೇ ದಾರಿ. ಫ್ಯಾನ್ ವಾಪಸ್ ಕೊಡ್ಬೇಕು. ಟೇಬಲ್ ಇಲ್ದೆ ಫ್ಯಾನೂ ಬೇಡ ಅನ್ಬೇಕು. ಆದ್ರೆ ಅವರು ಜಗ್ಗದೆ ಹೋದ್ರೆ ಈ ಬೇಸಿಗೆ ಇಸ್ತ್ರಿ ಹಾಲಿನವರು ಬೇಯಬೇಕಾಗುತ್ತೆ. ಅದನ್ನ ಹೇಳೋ ಹಕ್ಕು ನಮಗಿಲ್ಲ. ಅವರನ್ನೇ ಕೇಳ್ಬೇಕು."

"ಬೇಡ" ಎಂದರು ದೊಡ್ಡಕ್ಕ. "ನಮ್ಮ ಸಲುವಾಗಿ ಆ ಮಕ್ಕಳು ಬೇಯೋದು ಬೇಡ. ನನ್ನ ಪಾಡು ನಾನು ನೋಡ್ಕೋತೀನಿ."

"ನೀವು ಸುಮ್ನಿರಿ ದೊಡ್ಡಕ್ಕ!" ಎಂದು ಕೂಗಿದೆ. ಟ್ರಾಲಿಯ ಹಿಂದೆ ಮಲಗಿದ್ದ ಬೆಕ್ಕು ಎದ್ದು ಓಡಿತು.

ಭಾವ ಹಣೆ ಬಡಿದುಕೊಂಡ. "ಅವರು ವರ್ಷಕ್ಕೊಂದು ಮಾತಾಡ್ತಾರೆ, ಅದಕ್ಕೂ ಸುಮ್ನಿರಿ ಅಂದ್ರಲ್ಲ!"

ನಾಲ್ವರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕೆವು. ಒಳಗೆ ಹೋಗುವಾಗ ಮುಖದ ಸುಕ್ಕು ತೆಗೆಯುವುದೇ ಕಷ್ಟವಾಯಿತು. ಮಂಗಳವಾರ ಉತ್ತರ ಕೊಡುತ್ತೇವೆ ಎಂದಷ್ಟೇ ಅಣ್ಣ ಹೇಳಿದರು.

ಮಾರ್ಚ್ ೨೧, ಶುಕ್ರವಾರ

ರೋಲರಿಗೆ ಹೊಸ ಬಟ್ಟೆ ಬಂದು ನಾವೆಲ್ಲ ನಮ್ಮ ಹಾಲಿಗೆ ಮರಳಿದ್ದೆವು. ಊಟದ ಬಿಡುವಿನಲ್ಲಿ ರೋಲರ್ ನಿಲ್ಲಿಸಿ ಎಲ್ಲರನ್ನೂ ಸೇರಿಸಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲನೇ ದಿನ ಬಾಯಿ ಬಿಟ್ಟು ಕೆಡಿಸಿದವಳು ನಾನೇ ಎಂದೂ ಹೇಳಿದೆ.

ಇಡೀ ಇಸ್ತ್ರಿ ಹಾಲೇ ಹೊತ್ತಿ ಉರಿಯಿತು. "ಬಂದಿರೋ ಫ್ಯಾನನ್ನ ಯಾರಾದ್ರೂ ವಾಪಸ್ ಕೊಡ್ತಾರಾ?" "ನಮ್ಮ ಬೆವರು ಬೆವರಲ್ವಾ?" "ಮೊನ್ನೆ ಟ್ರಾಲೀಲಿ ಮೆರೆದಾಗ ಈ ಬುದ್ಧಿ ಎಲ್ಲಿತ್ತು?" ಕೊನೆಯದು ಸರಿಯಾಗಿಯೇ ನಾಟಿತು. ಪ್ರತಿಯೊಂದಕ್ಕೂ ನನ್ನ ಬಳಿ ಉತ್ತರವಿತ್ತು. ಹೇಳಲಿಲ್ಲ. ಅವರು ಹೇಳುವುದರಲ್ಲಿ ಸುಳ್ಳೇನಿದೆ? ಅವರೆಲ್ಲ ಮುಗಿಸಲಿ ಎಂದು ನಿಂತೆ.

ನನ್ನ ಜೋಡಿ ಹಿಂದೆ ಕೂತಿದ್ದಳು. ನನಗೆ ಭಯವಿದ್ದದ್ದು ಅವಳದೇ. ಬಿದ್ದವಳು ಅವಳು. ಅವಳು ಬೇಡ ಎಂದರೆ ಮುಗಿಯಿತು. ಎಲ್ಲರ ಗಲಾಟೆ ಅಡಗಿದ ಮೇಲೆ ಎದ್ದು ನಿಂತಳು.

"ನಾನು ಬಿದ್ದಾಗ ಎತ್ಕೊಂಡು ಹೋಗಿ ಮಲಗಿಸಿದ್ದು ಎಲ್ಲಿ? ಮಡಿಸೋ ಟೇಬಲ್ ಮೇಲೆ. ದೊಡ್ಡಕ್ಕ ಮತ್ತೆ ಆ ಕಡೆಯೋರು ನಾಲ್ಕು ಜನ ಶೀಟ್ ಹಿಡ್ಕೊಂಡು ನನಗೆ ಎಚ್ಚರ ಆಗೋ ತನಕ ಗಾಳಿ ಹಾಕಿದ್ರು. ನಾನು ನೋಡಿರೋ ಫ್ಯಾನ್ ಅದೊಂದೇ. ಅದನ್ನ ಕಿತ್ತಾಕಿ ಇನ್ನೊಂದು ಹಾಕ್ತೀವಿ ಅಂದ್ರೆ ನನಗೆ ಬೇಡ."

ಕೈ ಎತ್ತಿಸಿದೆ. ಎಲ್ಲರೂ ಎತ್ತಲಿಲ್ಲ, ಆದರೆ ಬಹಳ ಜನ ಎತ್ತಿದರು. ಎತ್ತದವರ ಮೇಲೆ ನನಗೆ ಕೋಪವಿಲ್ಲ.

ಮಾರ್ಚ್ ೨೪, ಸೋಮವಾರ

ಅಣ್ಣನ ಗಂಟಲು ಕಟ್ಟಿಹೋಗಿದೆ! ನಾಳೆ ಕೊನೆಯ ಮಾತುಕತೆ, ಅವರ ಬಾಯಿಂದ ಗಾಳಿ ಬಿಟ್ಟರೆ ಏನೂ ಬರುತ್ತಿಲ್ಲ. ಬಾಯ್ಲರ್ ಕೋಣೆಗೆ ಕರೆದು ನನ್ನತ್ತ ಬೆರಳು ತೋರಿಸಿದರು.

"ಬೇಡ ಅಣ್ಣ" ಎಂದೆ. ಮೂರು ವಾರದ ಹಿಂದೆ ಆಗಿದ್ದರೆ ಕುಣಿದಾಡುತ್ತಿದ್ದೆನೇನೋ. "ದೊಡ್ಡಕ್ಕ ಆಡ್ಲಿ. ಇಲ್ಲ ಭಾವ ಆಡ್ಲಿ. ನನ್ನ ಬಾಯಿ ಮೇಲೆ ನನಗೇ ನಂಬಿಕೆ ಇಲ್ಲ."

ದೊಡ್ಡಕ್ಕ, "ಫ್ಯಾನ್ ಕೇಳಿದೋಳು ನೀನು. ಬೇಡ ಅನ್ನೋದೂ ನಿನ್ನ ಬಾಯಿಂದಲೇ ಬರ್ಬೇಕು. ಆಗ್ಲೇ ಅವರು ನಂಬೋದು" ಎಂದರು.

ತಾಲೀಮು ನಡೆಯಿತು. ಭಾವ ಡ್ರಮ್ಮಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಮ್ಯಾನೇಜರ್ ಆದ. ನಾನು ಶುರು ಮಾಡಿದೆ. ಸೆಕೆ, ಬೆವರು, ಜೋಡಿ ಬಿದ್ದದ್ದು, ಬಡವರ ಪಾಡು, ಎಲ್ಲ ಹೇಳಿದೆ. ಕಣ್ಣು ಬಿಟ್ಟು ನೋಡಿದರೆ ಮ್ಯಾನೇಜರ್ ಗೊರಕೆ ಹೊಡೆಯುತ್ತಿದ್ದ. ಅಣ್ಣ ಕೈಯಲ್ಲೇ ಕತ್ತರಿಸು ಎಂದು ತೋರಿಸಿದರು. ಕತ್ತರಿಸಿದೆ. ಇನ್ನೂ ಎಂದರು. ದೊಡ್ಡಕ್ಕ ಒಂದು ಸಾಲು ತೆಗೆದರು, ಭಾವ ಎದ್ದು ಇನ್ನೊಂದು ತೆಗೆದ. ಕೊನೆಗೆ ಉಳಿದದ್ದು ಒಂದು ಹಿಡಿ ಮಾತು. ಅಷ್ಟನ್ನು ಹೇಳಿ ಸುಮ್ಮನಾಗಬೇಕು. ಸುಮ್ಮನಾಗುವುದನ್ನೇ ಹೆಚ್ಚು ಅಭ್ಯಾಸ ಮಾಡಿದೆವು. ಭಾವ ಏನೇನೋ ಕೆಣಕಿದ. ನಾನು ನಕ್ಕುಬಿಡುತ್ತಿದ್ದೆ, ಮತ್ತೆ ಮೊದಲಿಂದ.

ಮಾರ್ಚ್ ೨೫, ಮಂಗಳವಾರ

ಮುಗಿಯಿತು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಅಣ್ಣ ಸಂಜ್ಞೆ ಮಾಡಿ ನನ್ನನ್ನು ತೋರಿಸಿದಾಗ ಮ್ಯಾನೇಜರ್ ಮುಖದಲ್ಲಿ ಹಬ್ಬ. ಕುರ್ಚಿ ಮುಂದಕ್ಕೆಳೆದುಕೊಂಡು, "ಒಳ್ಳೇದಾಯ್ತು. ಫ್ಯಾನ್ ಕೇಳಿದ್ದು ನೀವೇ ಅಲ್ವೇನಮ್ಮ? ನೋಡಿ, ತಯಾರಿದೆ" ಎಂದರು.

"ಹೌದು ಸಾರ್. ಕೇಳಿದ್ದು ನಾನೇ. ವಾಪಸ್ ತಗೊಳ್ಳಿ. ಮಡಿಸೋ ಟೇಬಲ್ ಉಳಿಯೋದಾದ್ರೆ ಸಹಿ. ಇಲ್ದಿದ್ರೆ ಫ್ಯಾನೂ ಬೇಡ, ಸಹಿಯೂ ಇಲ್ಲ. ನಮ್ಮ ಹಾಲಿನವರನ್ನ ಕೇಳ್ಕೊಂಡೇ ಬಂದಿದ್ದೀನಿ."

ಅಷ್ಟೇ. ಬಾಯಿ ಮುಚ್ಚಿದೆ.

ಮ್ಯಾನೇಜರ್ ಮೊದಲು ನಕ್ಕರು. ಆಮೇಲೆ ಸೆಕೆಯಲ್ಲಿ ಸಾಯುತ್ತೀರಿ ಎಂದರು. ನಿಮ್ಮ ಹಾಲಿನವರೇ ನಾಳೆ ನಿಮಗೆ ಕಲ್ಲು ಹೊಡೆಯುತ್ತಾರೆ ಎಂದರು. ನಾಲ್ಕಕ್ಷರ ಕಲಿತಿದ್ದರೆ ಲಾಭ ನಷ್ಟ ಅರ್ಥವಾಗುತ್ತಿತ್ತು ಎಂದರು. ಆ ಮಾತಿಗೆ ನನ್ನ ಕಿವಿಯಲ್ಲಿ ಹಬೆ ಬಂತು. ನಾಲಗೆಯ ತುದಿಯಲ್ಲಿ ಎಂಥ ಉತ್ತರವಿತ್ತೆಂದರೆ, ಈಗ ಬರೆಯುವಾಗಲೂ ಕೈ ಕಡಿಯುತ್ತದೆ. ಮೇಜಿನ ಕೆಳಗೆ ಯಾರೋ ನನ್ನ ಏಪ್ರನ್ನಿನ ಅಂಚು ಹಿಡಿದರು. ದೊಡ್ಡಕ್ಕ. ಎಳೆಯಲಿಲ್ಲ, ಸುಮ್ಮನೆ ಹಿಡಿದರು. ನಾನೂ ಹಿಡಿದುಕೊಂಡು ಕೂತೆ.

ಮ್ಯಾನೇಜರಿಗೆ ಆಡಲು ಇನ್ನೇನೂ ಉಳಿದಿರಲಿಲ್ಲ. ನಮ್ಮ ನಾಲ್ಕೂ ಮುಖಗಳನ್ನು ಒಂದೊಂದಾಗಿ ನೋಡಿದರು. ಎಲ್ಲೂ ಸುಕ್ಕು ಸಿಗಲಿಲ್ಲ. ವಕೀಲರು ಅವರ ಕಿವಿಯಲ್ಲಿ ಏನೋ ಹೇಳಿದರು. ಮ್ಯಾನೇಜರ್ ಗಡಿಯಾರ ನೋಡಿಕೊಂಡು ಅಂದರು, "ಹತ್ತು ನಿಮಿಷ ಬಿಡುವು ತಗೊಳ್ಳೋಣ."

ಬಿಡುವು ಕೇಳಿದ್ದು ಅವರು! ಎದ್ದು ಹೋಗಿ ನಿಂತದ್ದು ನಮ್ಮ ಕಾರಿಡಾರಿನಲ್ಲಿ, ಕೊಳೆ ಬಟ್ಟೆಯ ಟ್ರಾಲಿಗಳ ನಡುವೆ. ಬಾಗಿಲ ಗಾಜಿನಲ್ಲಿ ಅವರಿಬ್ಬರೂ ಕೈ ಬೀಸಿ ಕಚ್ಚಾಡುವುದು ಕಾಣುತ್ತಿತ್ತು. ಭಾವ ತುಟಿ ಅಲುಗಿಸದೆ ಪಿಸುಗುಟ್ಟಿದ, "ಬರ್ತಾ ಇದ್ದಾರೆ, ಹಿಡ್ಕೊಂಡಿರಿ."

ಬಂದರು. ಮಡಿಸುವ ಟೇಬಲ್ಲು ಒಪ್ಪಂದದ ಮೂರು ವರ್ಷವೂ ಕಾಯಂ. ಬಿಡುವೂ ಉಂಟು. ಫ್ಯಾನು ಮಾತ್ರ ಈಗ ಹಾಲಿನ ಅರ್ಧಕ್ಕೆ, ಉಳಿದರ್ಧಕ್ಕೆ ಮುಂದಿನ ಬೇಸಿಗೆಯೊಳಗೆ. ಅದನ್ನೂ ಒಪ್ಪಂದದಲ್ಲೇ ಬರೆದು ಕೊಡುತ್ತಾರಂತೆ. ಈಗ ನಾವು ಬಿಡುವು ಕೇಳಿದೆವು. ಕಾರಿಡಾರಿನಲ್ಲಿ ಅಣ್ಣ ಇಲ್ಲದ ಗಂಟಲಲ್ಲೇ ಎರಡನೇ ಅರ್ಧಕ್ಕೂ ಈ ವರ್ಷವೇ ಕೇಳೋಣವೇ ಎಂದರು. ಭಾವ ಕೇಳೋಣ ಎಂದ. ಕೇಳಿದೆವು. ಅಲ್ಲಿ ಮಾತ್ರ ಅವರು ಜಗ್ಗಲಿಲ್ಲ. ಯಾವ 'ಅರ್ಧ' ಎಂದು ವಕೀಲರು ಕೇಳಿದರು. ಶೀಟು ಹೊರಬರುವ ಬದಿ ಎಂದೆ. ಅಲ್ಲಿ ನಿಲ್ಲುವುದು ನನ್ನ ಜೋಡಿ, ಅವಳಂಥ ಎಂಟು ಜನ. ನಾವು ಶೀಟು ಕೊಡುವವರು ಒಂದು ಬೇಸಿಗೆ ತಡೆಯಬಹುದು.

ನಾಲ್ವರೂ ಸಹಿ ಹಾಕಿದೆವು. ದೊಡ್ಡಕ್ಕ ಕೊನೆಗೆ ಹಾಕಿದರು. ಮೊದಲು ಅಂಗೈಯನ್ನು ಏಪ್ರನ್ನಿಗೆ ಒರೆಸಿಕೊಂಡರು, ಆಮೇಲೆ ಪೆನ್ನು ಹಿಡಿದರು. ಕೆಳಗೆ ಬಂದು ಅವರು ತಮ್ಮ ಟೇಬಲ್ಲಿನವರಿಗೆ ಹೇಳಿದ್ದು ಒಂದೇ ಮಾತು, "ಇದ್ದೀವಿ." ಆ ಹೆಂಗಸರು ಅಳುವುದನ್ನು ನೋಡಿ ನಾನೂ ಅತ್ತೆ. ಭಾವನೂ ಅತ್ತ, ಕಣ್ಣಿಗೆ ಸೋಪು ಹೋಯಿತು ಎಂದ.

ಏಪ್ರಿಲ್ ೧೩, ಭಾನುವಾರ

ಬರೆದು ಬಹಳ ದಿನವಾಯಿತು. ಬರೆಯುವಂಥದ್ದು ಏನೂ ಇರಲಿಲ್ಲ, ಕೆಲಸ ಅಷ್ಟೇ. ಜೋಡಿಯ ಕಡೆ ಫ್ಯಾನು ತಿರುಗುತ್ತಿದೆ. ಅವಳ ಕೂದಲು ಹಾರುವುದು ನನ್ನ ಕಡೆಯಿಂದ ಕಾಣುತ್ತದೆ. ನಮ್ಮ ಕಡೆ ಬೆಂಕಿ. ಮುಂದಿನ ಬೇಸಿಗೆಗೆ ನೋಡೋಣ, ಬಿಟ್ಟರೆ ತಾನೇ?

ಇವತ್ತು ದೊಡ್ಡಕ್ಕ ನಾಲ್ವರನ್ನೂ ತಮ್ಮ ಕೋಣೆಗೆ ಊಟಕ್ಕೆ ಕರೆದಿದ್ದರು. ಬಾಗಿಲ ಬಳಿ ಅವರ ಎರಡೂ ಕೈಯಲ್ಲಿ ಚೀಲಗಳಿದ್ದವು, ಕುತ್ತಿಗೆ ಬಗ್ಗಿಸಿ ದಾರದಲ್ಲಿದ್ದ ಬೀಗದ ಕೈಯನ್ನು ನನ್ನಿಂದಲೇ ತೆಗೆಸಿದರು. ಬೀಗ ಹಳೆಯದು, ಬಿಗಿ. "ತಿರುಗಿಸಿ ಹಾಗೇ ಹಿಡ್ಕೊಂಡಿರು, ಬೇಗ ಬಿಡ್ಬೇಡ" ಎಂದರು. ಹಿಡಿದುಕೊಂಡೆ. ತೆರೆಯಿತು. ಒಂದು ಮಂಚ, ಒಂದು ಒಲೆ, ಗೋಡೆಗೊಂದು ಕನ್ನಡಿ. ಸೆಕೆಯೋ ಸೆಕೆ. ಭಾವ ಮೇಲೆ ನೋಡಿ, "ದೊಡ್ಡಕ್ಕ, ಇಲ್ಲಿದ್ದ ಫ್ಯಾನನ್ನೂ ವಾಪಸ್ ಕೊಟ್ಬಿಟ್ರಾ?" ಎಂದ. ಅಣ್ಣ ನಕ್ಕು ನಕ್ಕು ಮತ್ತೆ ಗಂಟಲು ಕಟ್ಟಿಸಿಕೊಂಡರು. ಊಟವಾದ ಮೇಲೆ ಸಂಜೆಯ ತನಕ ಮಾತಾಡಿದ್ದೆಲ್ಲ ದೊಡ್ಡಕ್ಕನೇ. ನನಗೆ ಒಂದು ಮಾತು ತೂರಿಸಲೂ ಸಂದು ಸಿಗಲಿಲ್ಲ. ಕೇಳುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಮನೆಗೆ ಬಂದರೆ ಇವರು ಕತ್ತರಿಗಳಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದರು.

"ಒಪ್ಪಂದ ಆಯ್ತಲ್ಲ, ಈಗ ಕೇಳಬಹುದಾ? ಸಲೂನಿಗೆ ಬಂದೋನೊಬ್ಬ ಹೇಳ್ತಿದ್ದ. ಲಾಂಡ್ರಿಯ ಹೆಂಗಸೊಬ್ಬಳು ಮ್ಯಾನೇಜರ್ ಮುಖಕ್ಕೇ, ನಿಮ್ಮ ಫ್ಯಾನ್ ನಿಮ್ಮನೇಲೇ ಹಾಕ್ಕೊಳ್ಳಿ ಅಂದ್ಲಂತೆ. ಯಾರದು? ನೀನೇ ತಾನೇ?"

"ಹಾಗೆಲ್ಲ ಅನ್ನಲಿಲ್ಲ. ಫ್ಯಾನ್ ವಾಪಸ್ ತಗೊಳ್ಳಿ ಅಂದ್ವಿ, ಅಷ್ಟೇ."

"ಸರಿ, ಬಾಯಿ ಬಿಟ್ಟು ಅಂದೋರು ಯಾರು?"

ಯೋಚಿಸಿದೆ. ಫ್ಯಾನು ವಾಪಸ್ ಕೊಡಬೇಕು ಎಂದವರು ಅಣ್ಣ, ಸುದ್ದಿ ತಂದವನು ಭಾವ, ಮಾತನ್ನು ಹಿಡಿಯಷ್ಟಕ್ಕೆ ಇಳಿಸಿದವರು ಎಲ್ಲರೂ, ಏಪ್ರನ್ನಿನ ಅಂಚು ಹಿಡಿದವರು ದೊಡ್ಡಕ್ಕ, ಬೇಡ ಎಂದು ಮೊದಲು ಹೇಳಿದವಳು ನನ್ನ ಜೋಡಿ.

"ಯಾರೂಂತ ಹೇಳೋದು? ಎಲ್ರೂ ಅಂದ್ವಿ" ಎಂದೆ.

ಇವರು ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಸುಮ್ಮನೆ ನಗತೊಡಗಿದರು. ಅದರಲ್ಲಿ ನಗುವಂಥದ್ದು ಏನಿತ್ತೋ ನನಗಂತೂ ತಿಳಿಯಲಿಲ್ಲ.